ಹುಣಸೆಪಾಳ್ಯದ ಹಳದಿ ಸಾಲು

ಮರಳೂರಿನ ಮುನಾವರ್ ಪಾಷಾ ಅವರ ಅಂಗಡಿಗೆ ಹೆಸರಿನ ಹಲಗೆ ಇಲ್ಲ. ಬಾಗಿಲ ಪಕ್ಕದ ಮೊಳೆಗೆ ಸುಟ್ಟ ತಾಮ್ರದ ತಂತಿಯ ಕಂತೆಗಳು ನೇತುಬಿದ್ದಿರುತ್ತವೆ. ಗುಬ್ಬಿಯ ಕಡೆಯಿಂದಲೋ ಕೋರದ ಕಡೆಯಿಂದಲೋ ಕೆಟ್ಟ ಪಂಪು ಹೊತ್ತು ಬರುವವರಿಗೆ ಅಷ್ಟು ಗುರುತು ಸಾಕು. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವುದು ಪಾಷಾ ಅವರ ಕಸುಬು. ಆ ಕಸುಬಿನಲ್ಲಿ ಅವರದೊಂದು ಕಟ್ಟುನಿಟ್ಟು ಮೊದಲಿನಿಂದಲೂ ಇದೆ: ಹಳೆಯ ಸುತ್ತುಗಳನ್ನು ಒಂದೊಂದಾಗಿ ಎಣಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವರೆಗೆ ಅವರು ತಂತಿಗೆ ಕತ್ತರಿ ಹಾಕುವುದಿಲ್ಲ.

“ಬುಕ್ಕಲ್ಲಿ ಐತಲ್ಲ ಸಾಬ್ರೇ, ಎಣಿಸ್ತಾ ಕೂತ್ರೆ ಹೊತ್ತಾಯ್ತದೆ” ಎಂದು ಅವಸರದ ಗಿರಾಕಿಗಳು ಗೊಣಗುವುದುಂಟು.

“ಬುಕ್ಕಲ್ಲಿರೋದು ಕಂಪ್ನಿ ಮೋಟ್ರು. ನನ್ ಮುಂದೆ ಇರೋದು ನಿನ್ ಮೋಟ್ರು. ಇದನ್ನ ಹಿಂದೆ ಯಾವ್ ಪುಣ್ಯಾತ್ಮ ಹೆಂಗ್ ಸುತ್ತವ್ನೋ ನಂಗೇನ್ ಗೊತ್ತು? ಕೂತ್ಕೋ, ಟೀ ಕುಡಿ” ಎನ್ನುತ್ತಾರೆ ಪಾಷಾ.

ಅಂಬ್ರೀನ್ ಅವರ ಎರಡನೆಯ ಮಗಳು. ಮನೆಯಲ್ಲಿ ಉರ್ದು, ಅಂಗಡಿಯ ಹೊಸ್ತಿಲು ದಾಟಿದರೆ ಕನ್ನಡ ಎಂಬ ಕ್ರಮದಲ್ಲಿ ಬೆಳೆದವಳು. ಹತ್ತನೆಯ ವಯಸ್ಸಿಗೇ ತಂದೆಯ ಪಕ್ಕ ಮಣೆ ಹಾಕಿಕೊಂಡು ಸುತ್ತು ಎಣಿಸುತ್ತಿದ್ದಳು. ಎಣಿಕೆ ಮಧ್ಯದಲ್ಲಿ ತಪ್ಪಿದರೆ ಪಾಷಾ ಬೈಯುತ್ತಿರಲಿಲ್ಲ, ಮೊದಲಿನಿಂದ ಎಣಿಸಲು ಹೇಳುತ್ತಿದ್ದರು. ಬೈಗುಳವೇ ಮೇಲು ಅನ್ನಿಸುತ್ತಿತ್ತು ಎಂದು ಅವಳು ಈಗ ನಗುತ್ತಾಳೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ವರ್ಷ, ಆ ಅಂಗಡಿಗೆ ಬಂದುಹೋಗುತ್ತಿದ್ದ ಮೋಹನ್‌ಕುಮಾರ್ ಎಂಬ ಎಂಜಿನಿಯರರ ಸಣ್ಣ ಸಂಸ್ಥೆಗೆ ಸೇರಿದಳು. ನಾಲ್ಕೇ ಜನರಿದ್ದ ಸಂಸ್ಥೆ ಅದು. ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ನಡೆಯುತ್ತಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಹಳ್ಳಿಗಳ ಕುಡಿಯುವ ನೀರಿನ ವಾಲ್ವುಗಳನ್ನು ತಾನೇ ತೆರೆದು ಮುಚ್ಚುವ ಪೆಟ್ಟಿಗೆ.

ಈ ಪೆಟ್ಟಿಗೆ ಬರುವ ಮೊದಲು ಆ ಕೆಲಸ ಊರೂರಿನ ನೀರಗಂಟಿಯದಾಗಿತ್ತು. ಯಾವ ಬೀದಿಗೆ ಯಾವ ದಿನ, ಎಷ್ಟು ಹೊತ್ತು ನೀರು ಎಂಬ ಪಾಳಿ ಅವನ ತಲೆಯಲ್ಲಿರುತ್ತಿತ್ತು. ಕತ್ತಲು ಹರಿಯುವ ಮೊದಲೇ ಎದ್ದು, ಇಂಗ್ಲಿಷಿನ ಟೀ ಅಕ್ಷರದಂತಿರುವ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು, ನೆಲದ ಗುಂಡಿಗುಂಡಿಗೆ ಬಗ್ಗಿ ವಾಲ್ವು ತಿರುಗಿಸಬೇಕಾಗಿತ್ತು. ಪೆಟ್ಟಿಗೆ ಬಂದ ಮೇಲೆ ವಾಲ್ವಿನ ತಲೆಯ ಮೇಲೆ ಪುಟ್ಟ ಮೋಟಾರು ಕೂತಿತು, ನೀರಗಂಟಿ ಪಂಪ್‌ಹೌಸಿನಲ್ಲಿ ಕೂತು ನೋಡಿಕೊಂಡರೆ ಸಾಕಾಯಿತು.

ಗುಬ್ಬಿ, ಕುಣಿಗಲ್ ಮತ್ತು ತುಮಕೂರಿನ ಸುತ್ತ ಇಂಥ ಪೆಟ್ಟಿಗೆಗಳು ಮೂವತ್ತೇಳಾದವು. ಒಂದೂರಿನಲ್ಲಿ ನಾಲ್ಕು ಬೀದಿ, ಇನ್ನೊಂದರಲ್ಲಿ ಒಂಬತ್ತು. ಒಂದೂರಿನ ಟ್ಯಾಂಕು ಎತ್ತರದಲ್ಲಿ, ಇನ್ನೊಂದರದು ತಗ್ಗಿನಲ್ಲಿ. ಹೀಗಾಗಿ ಪ್ರತಿ ಊರಿಗೂ ಅದರದೇ ಕೋಡು, ಅಂದರೆ ಪೆಟ್ಟಿಗೆ ಓದಿ ನಡೆಸುವ ಸೂಚನೆಗಳ ಸಾಲು. ಆ ಕೋಡಿನ ಫೋಲ್ಡರನ್ನು ಅದರ ಹಿಂದಿನ ಎಲ್ಲ ಬದಲಾವಣೆಗಳ ಚರಿತ್ರೆಯ ಸಮೇತ ರೆಪೊಸಿಟರಿ ಎನ್ನುತ್ತಾರೆ, ಆಫೀಸಿನ ಬಾಯಲ್ಲಿ ಅದು ‘ರೆಪೊ’. ಅಂಬ್ರೀನಳ ಲ್ಯಾಪ್‌ಟಾಪಿನಲ್ಲಿ ಊರಿಗೊಂದರಂತೆ ಮೂವತ್ತೇಳು ರೆಪೊಗಳಿದ್ದವು. ಎಲ್ಲ ಊರಿಗೂ ಒಂದೇ ಸಣ್ಣ ತಿದ್ದುಪಡಿ ಮಾಡಬೇಕಾದರೂ ಮೂವತ್ತೇಳು ಬಾಗಿಲು ತೆರೆದು, ಒಳಹೋಗಿ, ತಿದ್ದಿ, ಹೊರಬಂದು ಬಾಗಿಲು ಹಾಕಬೇಕು. ಬೆಳಿಗ್ಗೆ ಗುಬ್ಬಿಯಿಂದ ಹೊರಟರೆ ಕುಣಿಗಲ್ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು, ಕುರ್ಚಿಯಲ್ಲಿ ಕೂತೇ.

ಅದಕ್ಕೆಂದೇ ಅವಳು ಒಂದು ಸಾಧನ ಬರೆದಳು. ಅದಕ್ಕೆ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಬರೆದರೆ ಅದು ಮೂವತ್ತೇಳು ರೆಪೊಗಳಿಗೂ ಹೋಗಿ ಅದೇ ಕೆಲಸ ಮಾಡಿಕೊಂಡು ಬರುತ್ತಿತ್ತು. ಬಂದು, ಊರಿಗೊಂದು ಸಾಲಿನಂತೆ ವರದಿ ಒಪ್ಪಿಸುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು. ಲ್ಯಾಪ್‌ಟಾಪಿನಲ್ಲಿ ಏನೋ ತಿದ್ದಿ ಇನ್ನೂ ಚರಿತ್ರೆಗೆ ದಾಖಲಿಸದೆ ಬಿಟ್ಟಿದ್ದರೆ ಹಳದಿ. ಕೆಟ್ಟಿದ್ದರೆ ಕೆಂಪು. ಒಂದೇ ತೊಟ್ಟಿಗೆ ಎಲ್ಲ ಕಾಯಿ ಎಂಬ ಅರ್ಥದಲ್ಲಿ ಅವಳು ಅದಕ್ಕೆ ‘ಗೊಂಚಲು’ ಎಂದು ಹೆಸರಿಟ್ಟಳು. ದಿನವಿಡೀ ಹಿಡಿಯುತ್ತಿದ್ದ ಕೆಲಸ ಒಂದು ಲೋಟ ಟೀ ಆರುವಷ್ಟರಲ್ಲಿ ಮುಗಿಯತೊಡಗಿತು. ಮೋಹನ್‌ಕುಮಾರ್ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಮುನಾವರ್ ಪಾಷಾ ಒಮ್ಮೆ ನೋಡಿ, “ಮೂವತ್ತೇಳೂ ಒಟ್ಟಿಗೆ ತಿರುಗುತ್ತಾ? ಒಳ್ಳೇದು. ಒಟ್ಟಿಗೆ ಸುಡದಿದ್ರೆ ಸಾಕು” ಎಂದು ತಮ್ಮ ಕೆಲಸಕ್ಕೆ ಮರಳಿದ್ದರು.

ಚೇಳೂರಿನಿಂದಾಚೆ ಇರುವ ಹುಣಸೆಪಾಳ್ಯ ಆ ಮೂವತ್ತೇಳರಲ್ಲಿ ಒಂದು. ಏಳು ಬೀದಿ, ಏಳು ವಾಲ್ವು, ಒಂದೊಂದು ಬೀದಿಗೆ ಮೂರು ದಿನಕ್ಕೊಮ್ಮೆ ನೀರು. ಅಲ್ಲಿನ ನೀರಗಂಟಿ ರಾಮಾಂಜಿನಯ್ಯ ಮೂವತ್ತೊಂದು ವರ್ಷ ಕಬ್ಬಿಣದ ಕೀಲಿ ತಿರುಗಿಸಿ ಮಂಡಿ ಸವೆಸಿಕೊಂಡವರು. ಪೆಟ್ಟಿಗೆ ಹಾಕಿಸಲು ಪಂಚಾಯ್ತಿಯನ್ನು ಒಪ್ಪಿಸಿದವರೂ ಅವರೇ. ಆದರೆ ಪೆಟ್ಟಿಗೆ ಕೂರಿಸಿದ ದಿನವೇ ಅವರೊಂದು ಮಾತು ಕೇಳಿದ್ದರು: ಊರಿನಲ್ಲಿ ಸಾವಾದರೆ ಪಾಳಿ ತಪ್ಪಿಸಿ ಆ ಬೀದಿಗೆ ಮೊದಲು ನೀರು ಬಿಡುವುದು ತಮ್ಮ ತಂದೆಯ ಕಾಲದಿಂದ ನಡೆದುಬಂದದ್ದು, ನಿಮ್ಮ ಪೆಟ್ಟಿಗೆಗೆ ಅದು ತಿಳಿಯುತ್ತದೆಯೇ ಎಂದು. ಅಂಬ್ರೀನ್ ಅಲ್ಲೇ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತು, ಅವರು ಹೇಳುತ್ತ ಹೋದಂತೆ ಕೋಡು ಬರೆದಳು. ಪೆಟ್ಟಿಗೆಯ ಮೇಲಿನ ಆ ಬೀದಿಯ ಗುಂಡಿಯನ್ನು ಐದು ಎಣಿಸುವವರೆಗೆ ಒತ್ತಿ ಹಿಡಿದರೆ ಅದು ಸಾವಿನ ನೀರು. ನೆಟ್‌ವರ್ಕ್ ಸರಿಯಾಗಿ ಸಿಗದ ಜಾಗವಾದ್ದರಿಂದ ಲ್ಯಾಪ್‌ಟಾಪಿನಿಂದ ತಂತಿಯ ಮೂಲಕವೇ ಪೆಟ್ಟಿಗೆಗೆ ತುಂಬಿದಳು. ಆಫೀಸಿಗೆ ಹೋಗಿ ದಾಖಲಿಸಿದರಾಯಿತು ಎಂದುಕೊಂಡು ಬಸ್ ಹತ್ತಿದವಳು ಮರೆತಳು.

ಅಂದಿನಿಂದ ಗೊಂಚಲಿನ ವರದಿಯಲ್ಲಿ ಹುಣಸೆಪಾಳ್ಯದ ಸಾಲು ಹಳದಿಯಾಗಿಯೇ ಇತ್ತು. ನಾಲ್ಕು ತಿಂಗಳು ದಿನವೂ ಕಂಡದ್ದು ಕಣ್ಣಿಗೆ ಕಾಣದಂತಾಯಿತು. ಒಂದು ಶುಕ್ರವಾರ, ಕರೆಂಟು ಹೋಗಿ ಬಂದಾಗಲೆಲ್ಲ ಪೆಟ್ಟಿಗೆಗಳ ಗಡಿಯಾರ ಹಿಂದೆ ಬೀಳುತ್ತಿದ್ದುದನ್ನು ಸರಿಪಡಿಸಲು ಅವಳು ಎಲ್ಲ ಊರಿಗೂ ಒಂದೇ ಆಜ್ಞೆ ಕೊಟ್ಟಳು. ಗೊಂಚಲು ನಿಂತು ಕೇಳಿತು: ಒಂದು ರೆಪೊದಲ್ಲಿ ದಾಖಲಾಗದ ಬದಲಾವಣೆ ಇದೆ, ಅಳಿಸಿ ಮುಂದುವರಿಯಲೇ? ಆ ಪ್ರಶ್ನೆಯನ್ನು ಬರೆದವಳು ಅವಳೇ. ಹೌದು ಎಂಬುದಕ್ಕೆ ಒಂದು ಅಕ್ಷರ ಒತ್ತಿದವಳೂ ಅವಳೇ. ಮೂವತ್ತೇಳು ಸಾಲೂ ಹಸಿರಾದವು. ಎಷ್ಟು ಚೆನ್ನಾಗಿದೆ ಎಂದುಕೊಂಡದ್ದು ಅವಳಿಗೆ ಇವತ್ತಿಗೂ ನೆನಪಿದೆ. ಹೊಸ ಕೋಡು ಸಿಮ್ಮಿನ ಮೂಲಕ ಪೆಟ್ಟಿಗೆಗಳಿಗೆ ಇಳಿಯಿತು. ಹುಣಸೆಪಾಳ್ಯದ ಸಿಗ್ನಲ್ ಸಿಕ್ಕಿದಾಗ ಅಲ್ಲಿಗೂ ಇಳಿದು, ಹಳೆಯದರ ಮೇಲೆ ಕೂತಿತು.

ಹದಿನೇಳು ದಿನಗಳ ಮೇಲೆ, ಸೋಮವಾರ ಬೆಳಿಗ್ಗೆ, ಹುಣಸೆಪಾಳ್ಯದ ಕಡೇಬೀದಿಯಲ್ಲಿ ಚಿಕ್ಕಮಾರಯ್ಯ ಎಂಬ ಮುದುಕರು ತೀರಿಕೊಂಡರು. ಕಡೇಬೀದಿಯ ಪಾಳಿ ಇದ್ದದ್ದು ಮಾರನೆಯ ದಿನ. ಬೀದಿಯ ಡ್ರಮ್ಮುಗಳೆಲ್ಲ ತಳ ಕಂಡಿದ್ದವು. ರಾಮಾಂಜಿನಯ್ಯ ಪಂಪ್‌ಹೌಸಿಗೆ ಹೋಗಿ ಏಳನೆಯ ಗುಂಡಿ ಒತ್ತಿ ಹಿಡಿದು ಐದು ಎಣಿಸಿದರು. ಹತ್ತು ಎಣಿಸಿದರು. ಪೆಟ್ಟಿಗೆ ಎರಡನೇ ಬೀದಿಗೇ ನೀರು ಬಿಡುತ್ತಿತ್ತು. ಕೊನೆಗೆ ಸ್ಪ್ಯಾನರ್ ಹಿಡಿದು ಕಡೇಬೀದಿಯ ವಾಲ್ವಿನ ಗುಂಡಿಗೆ ಇಳಿದು, ಅದರ ಮೇಲಿನ ಮೋಟಾರಿನ ನಾಲ್ಕು ಬೋಲ್ಟು ಬಿಚ್ಚಿ, ಹಳೆಯ ಕೀಲಿಯಿಂದ ತಿರುಗಿಸುವಷ್ಟರಲ್ಲಿ ಒಂದೂವರೆ ಗಂಟೆ. ಅಷ್ಟು ಹೊತ್ತು ಹೆಣ ಸ್ನಾನವಿಲ್ಲದೆ ಅಂಗಳದಲ್ಲಿ ಕಾಯಿತು.

ಮಧ್ಯಾಹ್ನ ಅವರು ಅಂಬ್ರೀನಳಿಗೆ ಫೋನ್ ಮಾಡಿದರು. ದನಿ ಏರಿಸಲಿಲ್ಲ.

“ಅಂಬ್ರೀನಮ್ಮ, ನಿಮ್ ಪೆಟ್ಗೆ ತಗೊಂಡೋಗ್ಬುಡಿ. ತಿಥಿ ಕಳೀಲಿ, ಪಂಚಾಯ್ತಿಲಿ ನಾನೇ ಹೇಳ್ತೀನಿ.”

“ಏನಾಯ್ತು ರಾಮಾಂಜಿನಯ್ಯನವ್ರೇ?”

ಅವರು ನಡೆದದ್ದನ್ನು ಹೇಳಿ, “ಮೂವತ್ತೊಂದ್ ವರ್ಷದಾಗೆ ಸಾವಿನ್ ಮನೇನ ಕಾಯಿಸಿರ್ಲಿಲ್ಲ ಕಣವ್ವ. ಮಂಡಿ ಹೋದ್ರೆ ಹೋಗ್ಲಿ ಬುಡಿ” ಎಂದು ಫೋನ್ ಇಟ್ಟರು.

ಅವಳು ಗೊಂಚಲಿನ ಹಳೆಯ ವರದಿಗಳನ್ನು ತೆಗೆದು ನೋಡಿದಳು. ಆ ಶುಕ್ರವಾರದ ಹಳದಿ ಸಾಲು, ಅದರ ಕೆಳಗೆ ತಾನೇ ಒತ್ತಿದ ಅಕ್ಷರ, ಎರಡೂ ಅಲ್ಲಿದ್ದವು. ದಾಖಲಾಗದೆ ಅಳಿದ ಕೋಡು ಚರಿತ್ರೆಯಲ್ಲಿ ಇರುವುದಿಲ್ಲ, ಹುಡುಕಿ ತರಲು ಬರುವುದಿಲ್ಲ. ಮೋಹನ್‌ಕುಮಾರ್ ಗಾಬರಿಯಾಗಲಿಲ್ಲ. “ಎರಡು ಮೂರು ಲೈನ್ ಅಲ್ವಾ? ನೆನಪಿಂದ ಬರ್ದು ಸಂಜೆ ಕಳ್ಸ್ಬುಡಿ. ಸಾರಿ ಅಂತ ನಾನೂ ಫೋನ್ ಮಾಡ್ತೀನಿ” ಎಂದರು. ಅವಳು ಬರೆದಳು. ಗುಂಡಿ ಒತ್ತಿದರೆ ಬೀದಿಗೆ ನೀರು; ಸರಿಯಾಗಿಯೇ ಇತ್ತು. ಆದರೂ ಕಳಿಸಲು ಕೈ ಬರಲಿಲ್ಲ.

ಸಂಜೆ ತಂದೆಯ ಅಂಗಡಿಯಲ್ಲಿ ಒಬ್ಬ ಗಿರಾಕಿ ಕೂತಿದ್ದರು. ಪಾಷಾ ಮೋಟಾರಿನ ಹೊಟ್ಟೆ ತೆರೆದಿಟ್ಟುಕೊಂಡು ಎಣಿಸುತ್ತಿದ್ದರು. ಮಗಳ ಮಾತನ್ನೆಲ್ಲ ಕೇಳಿ, ಎಣಿಕೆ ಮುಗಿದ ಮೇಲೆ ಕೇಳಿದರು: “ಕತ್ರಿ ಹಾಕೋ ಮುಂಚೆ ಎಣಿಸಿದ್ಯಾ?”

“ಇಲ್ಲ ಅಬ್ಬಾ.”

“ಈಗ ನೆನಪಿಂದ ಸುತ್ತಿದ್ದೀಯ.”

ಅವಳು ಮಣೆ ಎಳೆದುಕೊಂಡು ತಂದೆಯ ಪಕ್ಕ ಕೂತಳು.

“ನೆನಪಿಂದ ಸುತ್ತಿದ್ರೂ ಮೋಟ್ರು ತಿರುಗುತ್ತೆ ಬೇಟಿ. ಒಂದ್ ವಾರ ತಿರುಗುತ್ತೆ.” ಕೂತಿದ್ದ ಗಿರಾಕಿ ತನ್ನ ಮೋಟಾರಿನ ಕಡೆಗೊಮ್ಮೆ ಕಳವಳದಿಂದ ನೋಡಿದರು. “ನಿಮ್ದಲ್ಲ ಗೌಡ್ರೇ, ನಿಮ್ದು ಎಣಿಸಾಯ್ತು” ಎಂದರು ಪಾಷಾ.

ಮಂಗಳವಾರ ಬೆಳಿಗ್ಗೆ ಅಂಬ್ರೀನ್ ಗುಬ್ಬಿಗೆ ಹೋಗಿ, ಅಲ್ಲಿಂದ ಚೇಳೂರಿನ ಬಸ್ ಹಿಡಿದು, ಕೊನೆಯ ಎರಡು ಮೈಲಿ ನಡೆದು ಹುಣಸೆಪಾಳ್ಯ ಸೇರಿದಳು. ರಾಮಾಂಜಿನಯ್ಯ ಪಂಪ್‌ಹೌಸಿನ ಕಟ್ಟೆಯ ಮೇಲೆ ಕಾಲು ನೀಡಿಕೊಂಡು ಮಂಡಿಗೆ ಎಣ್ಣೆ ಉಜ್ಜುತ್ತಿದ್ದರು. ಬಿಚ್ಚಿದ ಮೋಟಾರು ಗೋಣಿಚೀಲದ ಮೇಲಿತ್ತು, ಪಕ್ಕದಲ್ಲಿ ಹಳೆಯ ಕೀಲಿ.

“ಪೆಟ್ಗೆ ಹೊತ್ಕೊಂಡೋಗೋಕೆ ಒಬ್ರೇ ಬಂದ್ರಾ? ಭಾರ ಐತೆ.”

“ಹೊತ್ಕೊಂಡೋಗೋಕಲ್ಲ. ಕೇಳೋಕೆ ಬಂದೆ.”

“ಅವತ್ತೇ ಎಲ್ಲ ಹೇಳಿದ್ನಲ್ಲವ್ವ.”

“ಅವತ್ತು ಕೇಳಿ ಹಂಗೇ ಪೆಟ್ಟಿಗೆಗೆ ತುಂಬಿದೆ, ಎಲ್ಲೂ ಬರೆದಿಡ್ಲಿಲ್ಲ. ಆಮೇಲೆ ನನ್ ಕೈಯಿಂದ್ಲೇ ಅಳಿಸಿಹೋಯ್ತು. ಪೆಟ್ಟಿಗೆ ಕೆಟ್ಟಿದ್ದಲ್ಲ, ನಾನು ಮಾಡಿದ್ದು.”

ರಾಮಾಂಜಿನಯ್ಯ ಮಂಡಿ ಉಜ್ಜುವುದನ್ನು ನಿಲ್ಲಿಸಿದರು. ಬಂದ ಸಾಹೇಬರೆಲ್ಲ ಯಂತ್ರದ ಮೇಲೆ, ನೆಟ್‌ವರ್ಕಿನ ಮೇಲೆ, ಕರೆಂಟಿನವರ ಮೇಲೆ ಹಾಕುವುದನ್ನು ಕಂಡವರು ಅವರು. “ಕೂತ್ಕೊಳಿ” ಎಂದು ಜಾಗ ಬಿಟ್ಟರು. “ಪೆಟ್ಗೆಗೆ ನಮ್ ಸೊಸೆಗಿಂತ ಮರವು ಅಂತಿದ್ದೆ. ನಿಮ್ದಾ ಮರವು?”

ಅಂಬ್ರೀನ್ ನೋಟ್‌ಬುಕ್ ತೆರೆದಳು. ಅವರು ಹೇಳುತ್ತ ಹೋದರು, ಅವಳು ತಡೆದು ತಡೆದು ಕೇಳುತ್ತ ಬರೆದಳು. ಸಾವಾದ ದಿನ ತಕ್ಷಣ ಅರ್ಧ ಗಂಟೆ ನೀರು. ಹಾಲುತುಪ್ಪ ಬಿಡುವ ಮೂರನೆಯ ದಿನ ಬೆಳಿಗ್ಗೆ ಮತ್ತೆ. ಹನ್ನೊಂದನೆಯ ದಿನ, ತಿಥಿಗೆ, ಆರು ಗಂಟೆಗೆ ಮೊದಲೇ.

“ಇಷ್ಟೇನಾ?”

“ಇಷ್ಟೇ ಆಗಿದ್ರೆ ಯಾರು ಬೇಕಾದ್ರೂ ನೀರಗಂಟಿ ಆಗೋರು. ಯಾರ ಪಾಳಿ ಮುರೀತೀವೋ ಅವ್ರಿಗೆ ಮುಂದಿನ್ ಸಲ ಕಾಲು ಗಂಟೆ ಜಾಸ್ತಿ ಬುಡಬೇಕು. ಇಲ್ದಿದ್ರೆ ಹೆಣ ಎತ್ತೋಕೆ ಮುಂಚೆ ಬಿಂದಿಗೆ ಎತ್ಕೊಂಡು ಜಗಳಕ್ಕೆ ಬತ್ತಾರೆ.”

ಅಂಬ್ರೀನಳ ಪೆನ್ನು ನಿಂತಿತು. ನೆನಪಿನಿಂದ ಬರೆದ ಕೋಡಿನಲ್ಲಿ ಈ ಕಾಲು ಗಂಟೆ ಇರಲಿಲ್ಲ.

“ಆಮ್ಯಾಕೆ, ಬಸ್‌ಸ್ಟಾಪ್ ತಾವ ನಿಮ್ಮೋರ್ದು ಎರಡು ಮನೆ ಅವೆ. ಅವ್ರಿಗೆ ಹನ್ನೊಂದಿಲ್ಲ, ಮೂರು, ಆಮೇಲೆ ನಲವತ್ತು. ನಿಮ್ ಪೆಟ್ಗೆಗೆ ನಲವತ್ತು ಎಣಿಸೋಕೆ ಬತ್ತದಾ?”

“ಬರುತ್ತೆ. ಮದುವೆಗೂ ಹಿಂಗೇನಾ?”

“ಮದ್ವೆಗೆ ಯಾಕೆ? ದಿನ ಮೊದ್ಲೇ ಗೊತ್ತಿರ್ತದೆ, ಟ್ಯಾಂಕರ್ ತರಿಸ್ಕೋತಾರೆ. ಸಾವಿಗೆ ಯಾರು ಮುಂಗಡ ಹೇಳ್ತಾರೆ?”

ಬರೆದುಕೊಂಡದ್ದನ್ನು ಅವಳು ಮೊದಲಿನಿಂದ ಓದಿ ಹೇಳಿದಳು. ಎರಡು ಕಡೆ ಅವರು ತಿದ್ದಿದರು. ಮತ್ತೊಮ್ಮೆ ಓದಿದಳು. ಆಮೇಲೆ, ಅವರು ಕೇಳದೆಯೇ, ತೀರಿಕೊಂಡವರ ಮನೆಗೆ, ಕಡೇಬೀದಿಗೆ ಹೋಗಬೇಕು ಎಂದಳು. ರಾಮಾಂಜಿನಯ್ಯ ಬೇಡವೆನ್ನಲಿಲ್ಲ. ಕೋಲೂರಿಕೊಂಡು ಜೊತೆಗೆ ಬಂದರು.

ಚಿಕ್ಕಮಾರಯ್ಯನವರ ಹೆಂಡತಿ ಭದ್ರಮ್ಮ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಪೆಟ್ಟಿಗೆಯ ಹುಡುಗಿ ಎಂದು ರಾಮಾಂಜಿನಯ್ಯ ಪರಿಚಯ ಹೇಳಿದರು. ಅಂಬ್ರೀನ್ ಮೆಟ್ಟಿಲ ಮೇಲೆ ಕೂತು, ನಿನ್ನೆ ನೀರು ತಡವಾದದ್ದು ತನ್ನ ತಪ್ಪಿನಿಂದ ಎಂದಳು.

“ತಡ ಆಯ್ತು” ಎಂದರು ಭದ್ರಮ್ಮ. “ಬದುಕಿದ್ದಾಗ ಬಿಸ್ನೀರು ಕಾಯೋದು ಒಂದ್ ಚೂರು ತಡ ಆದ್ರೂ ಊರಿಗೆಲ್ಲ ಕೇಳಂಗೆ ಕೂಗೋರು. ನಿನ್ನೆ ಸುಮ್ನೆ ಮನಗಿದ್ರು.” ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: “ತಿಥಿ ದಿನ ಬತ್ತದಾ ನೀರು?”

ಅಂಬ್ರೀನ್ ರಾಮಾಂಜಿನಯ್ಯನವರ ಕಡೆ ನೋಡಿದಳು. ಅವರು ಕೋಲೂರಿ ಹೊರಟರು. ಹಿಂದಿರುಗುವ ದಾರಿಯಲ್ಲಿ, ಹುಣಸೆಮರದ ನೆರಳಿನಲ್ಲಿ ನಿಂತು ಹೇಳಿದರು: “ನಾಳೆ ಮೂರನೇ ದಿನ, ಕೈಲೇ ಬುಡ್ತೀನಿ. ಅಮಾಸೆ ಆದ್ಮೇಲಿನ್ ಗುರುವಾರ ತಿಥಿ. ಬೆಳಿಗ್ಗೆ ಪೆಟ್ಗೆ ತಾನೇ ಬುಟ್ರೆ ಇರ್ಲಿ. ಬುಡ್ಲಿಲ್ಲ ಅಂದ್ರೆ ನಾನ್ ಕೀಲಿ ಹಿಡ್ಕೊಂಡು ಗುಂಡಿ ತಾವೇ ನಿಂತಿರ್ತೀನಿ. ಆಮೇಲೆ ನನ್ನ ಒಪ್ಪಿಸೋಕೆ ಬರಬ್ಯಾಡಿ.”

ಮುಂದಿನ ದಿನಗಳ ಕೆಲಸವನ್ನು ಅವಳು ಎರಡು ಭಾಗ ಮಾಡಿಕೊಂಡಳು. ಹುಣಸೆಪಾಳ್ಯದ ಕೋಡು ಬರೆದು, ಮೇಜಿನ ಮೇಲಿದ್ದ ಮಾದರಿ ಪೆಟ್ಟಿಗೆಯಲ್ಲಿ ನಲವತ್ತು ದಿನಗಳನ್ನು ನಲವತ್ತು ನಿಮಿಷಗಳಿಗೆ ಇಳಿಸಿ ಓಡಿಸಿ ನೋಡಿದ್ದು ಮೊದಲನೆಯದು. ಅದು ಎರಡೇ ದಿನದಲ್ಲಿ ಮುಗಿಯಿತು. ಎರಡನೆಯದಕ್ಕೆ ಹೆಚ್ಚು ದಿನ ಹಿಡಿಯಿತು. ಉಳಿದ ಮೂವತ್ತಾರು ನೀರಗಂಟಿಗಳಿಗೂ ಅವಳು ಒಬ್ಬೊಬ್ಬರಿಗೇ ಫೋನ್ ಮಾಡಿ, ಪೆಟ್ಟಿಗೆಗೆ ಹೇಳಿಕೊಡದ ಯಾವ ಪಾಳಿ ನಡೆಸುತ್ತೀರಿ ಎಂದು ಕೇಳಿದಳು. ಬಹುಪಾಲು ಜನ ಮೊದಲು ಏನೂ ಇಲ್ಲ ಎಂದರು. ಐದು ನಿಮಿಷ ಮಾತಾಡಿದ ಮೇಲೆ ಒಂದಲ್ಲ ಒಂದು ಹೊರಬರುತ್ತಿತ್ತು. ಕುಣಿಗಲ್ ಕಡೆಯ ಒಬ್ಬರು ಬಾಣಂತಿ ಇರುವ ಬೀದಿಗೆ ಬೆಳಗಿನ ನೀರನ್ನು ಯಾವ ಕಾರಣಕ್ಕೂ ತಪ್ಪಿಸುತ್ತಿರಲಿಲ್ಲ. ಕೋರದ ಹತ್ತಿರದ ಇನ್ನೊಬ್ಬರು ದನದ ತೊಟ್ಟಿ ತುಂಬದೆ ಯಾವ ಬೀದಿಗೂ ಬಿಡುತ್ತಿರಲಿಲ್ಲ. ಪೆಟ್ಟಿಗೆ ಬಂದ ಮೇಲೆ ಅವರು ಪಂಚಾಯ್ತಿಗೆ ತಿಳಿಸದೆ ಒಂದು ಪೈಪಿಗೆ ರಬ್ಬರ್ ಟ್ಯೂಬ್ ಕಟ್ಟಿ ಅದನ್ನು ನಡೆಸುತ್ತಿದ್ದರು. “ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ” ಎಂದರು.

ಹೀಗೆ ಬಂದದ್ದನ್ನೆಲ್ಲ ಅವಳು ಆಯಾ ಊರಿನ ರೆಪೊದಲ್ಲಿ ‘ಊರಿನ ಮಾತು’ ಎಂಬ ಕನ್ನಡದ ಕಡತವಾಗಿ, ಹೇಳಿದವರ ಹೆಸರು ಮತ್ತು ತಾರೀಖಿನೊಂದಿಗೆ ದಾಖಲಿಸಿದಳು. ಆಮೇಲೆ ಗೊಂಚಲಿನ ಒಳಗೆ ಹೋಗಿ ಆ ಪ್ರಶ್ನೆಯನ್ನು ತೆಗೆದುಹಾಕಿದಳು. ಅಳಿಸಿ ಮುಂದುವರಿಯಲೇ ಎಂದು ಅದು ಈಗ ಕೇಳುವುದಿಲ್ಲ. ಹಳದಿ ಸಾಲು ಕಂಡರೆ ಆ ಊರನ್ನು ಮುಟ್ಟದೆ ಬಿಟ್ಟು ಮುಂದೆ ಹೋಗುತ್ತದೆ. ಕೊನೆಯಲ್ಲಿ ಆ ಊರಿನ ನೀರಗಂಟಿಯ ಹೆಸರನ್ನೂ ಫೋನ್ ನಂಬರನ್ನೂ ತೋರಿಸಿ ನಿಲ್ಲುತ್ತದೆ. ಅವಸರದ ದಿನ ಇದು ತೊಂದರೆಯಾಗುವುದಿಲ್ಲವೇ ಎಂದು ಮೋಹನ್‌ಕುಮಾರ್ ಕೇಳಿದರು. ಆಗುತ್ತದೆ ಸರ್, ಅದಕ್ಕೇ ಹಾಕಿದ್ದು ಎಂದಳು.

ತಿಥಿಯ ಹಿಂದಿನ ದಿನ, ಬುಧವಾರ, ಮತ್ತೆ ಹುಣಸೆಪಾಳ್ಯಕ್ಕೆ ಹೋಗಿ ಮೋಟಾರನ್ನು ವಾಲ್ವಿನ ಮೇಲೆ ಕೂರಿಸಿ, ಕೋಡು ತುಂಬಿ, ಸಾವಿನ ತಾರೀಖು ಕೊಟ್ಟು ಬಂದಳು. ಬರುವ ಮೊದಲು, ಬಸ್ ತಪ್ಪಿದರೂ ಸರಿ ಎಂದು, ಸಿಗ್ನಲ್ ಸಿಗುವ ಟ್ಯಾಂಕಿನ ಮೆಟ್ಟಿಲು ಹತ್ತಿ ಬದಲಾವಣೆಯನ್ನು ಅಲ್ಲಿಂದಲೇ ದಾಖಲಿಸಿದಳು. ಬಸ್ ತಪ್ಪಿತು. ರಾಮಾಂಜಿನಯ್ಯನವರ ಸೊಸೆ ಮುದ್ದೆ ಬಡಿಸಿ, “ನನ್ ಮರವಿನ ಬಗ್ಗೆ ನಮ್ಮಾವ ಏನಂದ್ರು?” ಎಂದು ಕೇಳಿದಳು. ಅಂಬ್ರೀನ್ ಸೊಪ್ಪಿನ ಸಾರು ಚೆನ್ನಾಗಿದೆ ಎಂದಳು.

ಗುರುವಾರ ಬೆಳಿಗ್ಗೆ ಐದೂವರೆಗೆ ಅವಳು ಮರಳೂರಿನ ಮನೆಯ ಅಡುಗೆಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಮುನಾವರ್ ಪಾಷಾ ನಮಾಜು ಮುಗಿಸಿ ಬಂದು ಎದುರಿಗೆ ಕೂತರು. ಗೊಂಚಲು ಮೂವತ್ತೇಳು ಸಾಲು ಹಸಿರು ತೋರಿಸಿತು. ಹಸಿರನ್ನು ನಂಬುವ ಅಭ್ಯಾಸ ಈಗ ಅವಳಿಗಿರಲಿಲ್ಲ. ಅವಳು ಫೋನನ್ನೇ ನೋಡುತ್ತಿದ್ದಳು. ಐದು ಐವತ್ತಾಯಿತು, ಐದು ಐವತ್ತೈದಾಯಿತು.

ಆರು ಗಂಟೆ ದಾಟಿ ಎರಡು ನಿಮಿಷಕ್ಕೆ ಫೋನ್ ಬಂತು. ಮೊದಲು ಮಾತಿಲ್ಲ, ಬರೀ ಸದ್ದು: ಪ್ಲಾಸ್ಟಿಕ್ ಬಿಂದಿಗೆಗೆ ನೀರು ಬೀಳುವ ಸದ್ದು, ಬಿಂದಿಗೆ ತುಂಬುತ್ತಿದ್ದಂತೆ ಸಣ್ಣದಾಗುತ್ತ ಹೋಯಿತು. ಆಮೇಲೆ ರಾಮಾಂಜಿನಯ್ಯನವರ ದನಿ.

“ಕೇಳುಸ್ತಾ? ಭದ್ರಮ್ಮನ್ ಮನೆ ಮುಂದೆ ಇದೀನಿ. ಐದು ಮುಕ್ಕಾಲಿಗೇ ಬಂತು.”

“ಮತ್ತೆ ಈಗ ಫೋನ್ ಮಾಡ್ತಿದ್ದೀರಲ್ಲ?”

“ಎರಡ್ನೇ ಬೀದಿಗೂ ಹೋಗಿ ನೋಡ್ಕೊಂಡ್ ಬಂದೆ. ಸಾವಿನ್ ದಿನ ಮುರಿದಿದ್ ಪಾಳಿಗೆ ನಿನ್ನೆ ಅವ್ರಿಗೆ ಕಾಲು ಗಂಟೆ ಜಾಸ್ತಿ ಬಿಟ್ಟಿತ್ತಾ ಅಂತ ಕೇಳ್ದೆ. ಬಿಟ್ಟಿತ್ತಂತೆ.”

ಅಂಬ್ರೀನ್ ತಂದೆಗೆ ತಲೆಯಾಡಿಸಿದಳು. ಪಾಷಾ ಎದ್ದು ಒಲೆಯ ಮೇಲೆ ಟೀ ನೀರಿಟ್ಟರು.

“ಪೆಟ್ಟಿಗೆ ಇರ್ಲಾ ಹಂಗಾದ್ರೆ?”

“ಇರ್ಲಿ ಬುಡಿ. ಕೀಲೀನ ಪಂಪ್‌ಹೌಸ್ ಗ್ವಾಡೆಗೆ ತಗುಲಾಕಿದೀನಿ” ಎಂದರು ರಾಮಾಂಜಿನಯ್ಯ. ಆಮೇಲೆ ಸೇರಿಸಿದರು: “ಎಣ್ಣೆ ಹಚ್ಚಿ ತಗುಲಾಕಿದೀನಿ.”

“ಒಳ್ಳೇದು ಮಾಡಿದ್ರಿ” ಎಂದಳು ಅಂಬ್ರೀನ್. ‘ಊರಿನ ಮಾತು’ ಕಡತವನ್ನು ತೆರೆದು, ಕೀಲಿ ಎಲ್ಲಿದೆ ಎಂಬುದನ್ನು ತಾರೀಖಿನೊಂದಿಗೆ ಬರೆದುಕೊಂಡಳು.